ಡರ್ತ್ ಅಂದರೆ ಸಾವಲ್ಲ

ಕೆಲವರಿಗೆ ಸೀರೆಯ ಹುಚ್ಚು, ಕೆಲವರಿಗೆ ಉಪ್ಪಿನಕಾಯಿಯ ಹುಚ್ಚು. ನನಗೆ ಇಂಗ್ಲಿಷಿನ ಕಠಿಣ ಪದಗಳ ಹುಚ್ಚು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ ಇದೆಯೆಂದು ಡಾಕ್ಟರ ಮುಂದೆ ತಲೆ ತಗ್ಗಿಸಿ ಒಪ್ಪಿಕೊಳ್ಳುವವರ ದನಿಯಲ್ಲಿ ಹೇಳುತ್ತಿದ್ದೇನೆ. ಮೂಡಲಗಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಹದಿನಾರು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ವರ್ಷವಿಡೀ ಮಕ್ಕಳಿಗೆ ಕ್ಯಾಟು, ರ್‍ಯಾಟು, ಹೀ ಗೋಸು, ಶೀ ಗೋಸು ಎಂದು ಹೇಳಿ ಹೇಳಿ ನಾಲಿಗೆ ಜಡ್ಡುಗಟ್ಟಿರುತ್ತದೆ. ಹಾಗಾಗಿ ದೊಡ್ಡವರಿಗೆ ನಾಲ್ಕು ಸಾಲು ಬರೆಯುವ ಅವಕಾಶ ಸಿಕ್ಕರೆ ಕೈ ತಡೆಯುವುದಿಲ್ಲ. ಒಮ್ಮೆ ಹೊಟ್ಟೆನೋವಿಗೆ ಅರ್ಧ ದಿನ ರಜೆ ಕೇಳಿ ಬರೆದ ಅರ್ಜಿಯಲ್ಲಿ ಹೊಟ್ಟೆನೋವು ಎಂಬುದನ್ನು ಬಿಟ್ಟು ಬೇರೆ ಎಲ್ಲವನ್ನೂ ಬರೆದಿದ್ದೆ. ಅದನ್ನು ಓದಿದ ನಮ್ಮ ಹೆಡ್‌ಮೇಡಂ ಅವಸರದಲ್ಲಿ ಫೋನ್ ಮಾಡಿ, "ಅತ್ತಾರ ಟೀಚರ್, ಯಾವ ದವಾಖಾನಿಯೊಳಗ ಅದೀರಿ? ನಾವು ಬರಬೇಕೇನ್ರಿ?" ಎಂದು ಕೇಳಿದ್ದರು. ನಾನು ಆಗ ಗೋಕಾಕದ ನಮ್ಮ ಮನೆಯ ಅಡುಗೆಮನೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದೆ.

ಆ ಡಿಸೆಂಬರಿನಲ್ಲಿ ನನಗೆ ಸಿಕ್ಕಿದ ಹೊಸ ಪದ 'ಡರ್ತ್'. ಹಳೆಯ ನಿಘಂಟು ತಿರುವುವಾಗ ಕಣ್ಣಿಗೆ ಬಿತ್ತು. ಕೊರತೆ, ಅಭಾವ ಎಂಬ ಅರ್ಥ. ಕೊರತೆಗೆ ಇಂಗ್ಲಿಷಿನಲ್ಲಿ ಬೇರೆ ಪದಗಳು ಬೇಕಾದಷ್ಟಿವೆ, ಆದರೆ ಈ ಪದಕ್ಕೆ ಒಂದು ಘನತೆ ಇತ್ತು. ಹೊಸ ಬಳೆ ತೊಟ್ಟವಳು ಯಾರಾದರೂ ನೋಡಲೆಂದು ಕಾರಣವಿಲ್ಲದೆ ಕೈ ಆಡಿಸುವ ಹಾಗೆ, ಈ ಪದವನ್ನು ಇಟ್ಟುಕೊಂಡು ನಾನು ಒಂದು ವಾರ ಕಾದೆ. ಶನಿವಾರ ಬೆಳಿಗ್ಗೆ ಅವಕಾಶ ಬಂತು.

ನಮ್ಮ ಶಾಲೆಗೆ ಗಣಿತದವರು ಒಬ್ಬರೇ, ಕಾಂಬಳೆ ಸರ್. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವರದು. ಮನೆಯವರನ್ನು ಊರಲ್ಲಿ ಬಿಟ್ಟು ಶಾಲೆಯ ಹತ್ತಿರವೇ ಬಾಡಿಗೆ ಕೋಣೆಯಲ್ಲಿರುತ್ತಾರೆ. ಹತ್ತನೆಯ ತರಗತಿಯವರ ಪರೀಕ್ಷೆ ಹತ್ತಿರ ಬಂತೆಂದರೆ ಬೆಳಗಿನ ಐದಕ್ಕೆ ಸೈಕಲ್ ಹತ್ತಿ ಹುಡುಗರ ಮನೆಮನೆಯ ಬಾಗಿಲು ಬಡಿದು ಓದಲು ಎಬ್ಬಿಸುವ ಮನುಷ್ಯ. ಊರಿನ ಅರ್ಧ ಮಂದಿಗೆ ಅವರೆಂದರೆ ಗಡಿಯಾರವಿದ್ದಂತೆ. ಪ್ರತಿ ವರ್ಷ ಡಿಸೆಂಬರಿನ ಮೊದಲ ವಾರ ಅವರು ರಜೆ ಹಾಕಿ, ಲಕ್ಷಾಂತರ ಜನ ಸೇರುವ ಮುಂಬೈಯ ಚೈತ್ಯಭೂಮಿಗೆ ಹೋಗಿ ಬರುತ್ತಾರೆ. ಆ ಜನಜಂಗುಳಿಯಲ್ಲಿ ಸಿಗ್ನಲ್ ಸಿಗದೆ ಫೋನು ಹತ್ತುವುದಿಲ್ಲ. ಆ ಶನಿವಾರವೂ ಅವರು ಅಲ್ಲಿದ್ದರು. ಮಧ್ಯಾಹ್ನದ ಗಣಿತದ ವಿಶೇಷ ತರಗತಿ ಇಲ್ಲವೆಂದು ಪಾಲಕರ ವಾಟ್ಸಪ್ ಗ್ರೂಪಿಗೆ ತಿಳಿಸಿ ಎಂದು ಹೆಡ್‌ಮೇಡಂ ನನಗೆ ಹೇಳಿದರು. ನಾನು ಬಳೆ ಆಡಿಸಿದೆ. 'ಡ್ಯೂ ಟು ಡರ್ತ್ ಆಫ್ ಮ್ಯಾಥ್ಸ್ ಟೀಚರ್, ಟುಡೇಸ್ ಸ್ಪೆಷಲ್ ಕ್ಲಾಸ್ ಈಸ್ ಕ್ಯಾನ್ಸಲ್ಡ್' ಎಂದು ಇಂಗ್ಲಿಷಿನಲ್ಲಿ ಟೈಪಿಸಿ, ಎರಡು ಸಲ ಓದಿ, ಮೆಚ್ಚಿ, ಕಳಿಸಿ, ಫೋನನ್ನು ಚೀಲಕ್ಕೆ ಹಾಕಿ ತರಗತಿಗೆ ಹೋದೆ.

ಎರಡು ಪಿರಿಯಡ್ ಮುಗಿಸಿ ಬಂದು ಫೋನ್ ತೆಗೆದರೆ ಗ್ರೂಪಿನ ತುಂಬ ಕೈಮುಗಿದ ಚಿತ್ರಗಳು, ಉರಿಯುವ ದೀಪಗಳು. 'ಓಂ ಶಾಂತಿ', 'ಭಾವಪೂರ್ಣ ಶ್ರದ್ಧಾಂಜಲಿ', 'ನಂಬಾಕ ಆಗವಲ್ದು'. ಯಾರೋ ಪಾಪ, ಸ್ವಾತಂತ್ರ್ಯ ದಿನದ ಫೋಟೋದಿಂದ ಕಾಂಬಳೆ ಸರ್ ಅವರ ಮುಖವನ್ನಷ್ಟೇ ಕತ್ತರಿಸಿ ಸುತ್ತಲೂ ಹೂವಿನ ಚೌಕಟ್ಟು ಹಾಕಿದ್ದರು. ಅದರಲ್ಲಿ ಸರ್ ಬಾಯಿ ತುಂಬ ಬೂಂದಿ ಲಾಡು ಇಟ್ಟುಕೊಂಡಿದ್ದರು. ಅಯ್ಯೋ, ಸರ್ ಹೋಗಿಬಿಟ್ಟರೇ ಎಂದು ಅಲ್ಲೇ ಕುರ್ಚಿಗೆ ಒರಗಿ, ಕಣ್ಣಿಗೆ ಸೆರಗು ಒತ್ತಿಕೊಂಡು, ಮೊದಲ ಸುದ್ದಿ ಯಾರು ಕೊಟ್ಟರೆಂದು ಹುಡುಕುತ್ತ ಮೇಲಕ್ಕೆ ಹೋದೆ. ಎಲ್ಲಕ್ಕಿಂತ ಮೇಲೆ ಇದ್ದದ್ದು ನನ್ನ ಸಂದೇಶ.

ಅದರ ಕೆಳಗೆ ಶಾಲಾ ಸಮಿತಿಯ ಅಧ್ಯಕ್ಷ ಹಣಮಂತಪ್ಪನವರ ಧ್ವನಿ ಸಂದೇಶವಿತ್ತು. "ಟೀಚರ್ ಸುದ್ದಿ ಹಾಕ್ಯಾರ. ನಾವು ಎಂಟ್ ಮಂದಿ ಜೀಪ್ ತಗೊಂಡ ಸರ್ ಅವರ ಮನೀಗಿ ಯಮಕನಮರಡಿಗಿ ಹೊಂಟೇವಿ. ಗೋಕಾಕದಾಗ ದೊಡ್ಡ ಹಾರ ಮಾಡಸ್ಕೊಂಡ ಹೋಗ್ತೇವಿ."

ಹೆಡ್‌ಮೇಡಂ ಬಾಗಿಲಲ್ಲಿ ನಿಂತಿದ್ದರು. ಅವರ ಫೋನೂ ಕೈಯಲ್ಲಿತ್ತು.

"ಏನ್ ಬರದೀರಿ ಟೀಚರ್ ನೀವು?"

"ಡರ್ತ್ ಅಂತ ಬರದೇನ್ರಿ ಮೇಡಂ. ಡೆತ್ ಅಲ್ಲ. ನಡುವ ಆರ್ ಐತಿ, ನೋಡ್ರಿ."

ಅವರು ಕನ್ನಡಕ ಏರಿಸಿಕೊಂಡು ನೋಡಿದರು. "ಐತಿ, ಖರೆ. ಆದ್ರ ಯಾರ್ ನೋಡ್ತಾರ್ರಿ ಆ ಆರ್? ಸರ್ ರಜಾದ ಮ್ಯಾಲೆ ಅದಾರ ಅಂತ ಬರದಿದ್ರ ನಿಮ್ಮ ಗಂಟೇನ್ ಹೋಗ್ತಿತ್ತು?"

ಅವರೇ ಮರುಕ್ಷಣ ಗ್ರೂಪಿನಲ್ಲಿ 'ಸರ್ ಆರಾಮ ಅದಾರ, ಮುಂಬೈಗೆ ಹೋಗ್ಯಾರ' ಎಂದು ಕನ್ನಡದಲ್ಲಿ ಹಾಕಿದರು. ದೀಪಗಳು ಆರಿದವು. ಆದರೆ ಜೀಪಿನಲ್ಲಿ ಹೊರಟವರು ಫೋನ್ ನೋಡುವ ಸ್ಥಿತಿಯಲ್ಲಿರಲಿಲ್ಲ. ಭಯ ಇದ್ದದ್ದು ಅಲ್ಲೇ. ಯಮಕನಮರಡಿಯಲ್ಲಿ ಕಾಂಬಳೆ ಸರ್ ಅವರ ತಾಯಿ ಸೋನವ್ವ ಹಿಟ್ಟಿನ ಗಿರಣಿ ನಡೆಸುತ್ತಾರೆ. ಹೋದ ವರ್ಷ ಅವರ ಎದೆಗೆ ಸ್ಟೆಂಟ್ ಹಾಕಿದ್ದರು. ಏಕಾಏಕಿ ಆಘಾತವಾಗುವಂಥದ್ದು ಏನೂ ಹೇಳಬಾರದೆಂದು ಡಾಕ್ಟರು ಎಚ್ಚರಿಸಿದ್ದನ್ನು ಸರ್ ನನಗೆ ಎಷ್ಟೋ ಸಲ ಹೇಳಿದ್ದರು. ಆ ಮನೆಯ ಬಾಗಿಲಿಗೆ ಎಂಟು ಜನ ಗಂಡಸರು ಹಾರ ಹಿಡಿದು ಹೋಗುತ್ತಿದ್ದಾರೆ.

ಸೋನವ್ವನವರ ಫೋನಿಗೆ ಹಚ್ಚಿದೆ. ಗಂಟೆ ಹೊಡೆಯುತ್ತಲೇ ಇತ್ತು. ಗಿರಣಿಯ ಸದ್ದಿನಲ್ಲಿ ಅದು ಕೇಳುವುದು ದೂರದ ಮಾತು. ಅವರ ಸೊಸೆ, ಸರ್ ಅವರ ಹೆಂಡತಿ ಸುಜಾತಾ ಅಂಗನವಾಡಿ ಕಾರ್ಯಕರ್ತೆ. ಆ ದಿನ ಹುಕ್ಕೇರಿಯಲ್ಲಿ ತರಬೇತಿ, ಫೋನು ಬಂದ್. ಸರ್ ಅವರದು ಹೇಗೂ ಹತ್ತುವುದಿಲ್ಲ. ಜೀಪಿನಲ್ಲಿದ್ದ ಉಳಿದವರು ಯಾರು ಯಾರೆಂದು ಗೊತ್ತಿರಲಿಲ್ಲ. ಕೊನೆಗೆ ಹಣಮಂತಪ್ಪನವರು ಫೋನ್ ಎತ್ತಿದರು. ಹಿಂದೆ ಜೀಪಿನ ಗಡಗಡ ಸದ್ದು. ನಾನು ಕಿರುಚಿದೆ: "ಅಧ್ಯಕ್ಷರ, ಕಾಂಬಳೆ ಸರ್ ಸತ್ತಿಲ್ರಿ!"

"ಹೌದ್ರಿ ಟೀಚರ್," ಎಂದರು ಆತ, ಮೂಗು ಏರಿಸುತ್ತ. "ಅಂಥಾವ್ರು ಎಲ್ಲಿ ಸಾಯ್ತಾರ್ರಿ? ನಮ್ಮ ಮನಸಿನ್ಯಾಗ ಅದಾರ್ರಿ."

"ಅಲ್ಲರಿ, ಖರೇನ ಜೀವಂತ ಅದಾರ್ರಿ!"

"ಸಮಾಧಾನ ಮಾಡ್ಕೋರಿ. ನಿಮ್ಮ ದುಃಖ ನನಗ ತಿಳಿತೈತ್ರಿ." ಫೋನ್ ಇಟ್ಟರು. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ಹೆಡ್‌ಮೇಡಂ ನನ್ನ ಸ್ಕೂಟಿಯ ಚಾವಿಯನ್ನು ನನ್ನ ಕೈಗೆ ಇಟ್ಟರು.

ನಾಗನೂರ ದಾಟಿ ಗೋಕಾಕ ಮುಟ್ಟುವವರೆಗೆ ಸ್ಕೂಟಿ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಗೋಕಾಕದ ಹೂವಿನ ಅಂಗಡಿಗಳ ಮುಂದೆ ಜೀಪು ಇರಲಿಲ್ಲ. "ಈಗ ಹೋದ್ರಲ್ರಿ ಬಾಯಾರ, ಇಷ್ಟ ದೊಡ್ಡ ಹಾರ ತಗೊಂಡ್ರು," ಎಂದು ಹೂವಿನವನು ಎರಡೂ ಕೈ ಅಗಲಿಸಿ ತೋರಿಸಿದ. ಇನ್ನು ಸ್ಕೂಟಿಯಲ್ಲಿ ಅಷ್ಟು ದೂರ ಹೋಗುವ ಕಸುವು ನನ್ನ ಕೈಗಳಿಗೆ ಇರಲಿಲ್ಲ. ಮಾರುಕಟ್ಟೆಯಲ್ಲಿ ಹಣ್ಣಿನ ವ್ಯಾಪಾರ ಮಾಡುವ ನಮ್ಮ ಯಜಮಾನರು ದಸ್ತಗೀರ ತಮ್ಮ ಸಣ್ಣ ಟ್ರಕ್ಕಿಗೆ ಬಾಳೆಗೊನೆ ತುಂಬಿಸುತ್ತಿದ್ದರು. ನಾನು ಹೋಗಿ ಮುಂದಿನ ಸೀಟಿಗೆ ಹತ್ತಿ ಕುಳಿತು, "ಯಮಕನಮರಡಿ," ಎಂದೆ. ನನ್ನ ಮುಖ ನೋಡಿ ಅವರು ಏನೂ ಕೇಳದೆ ಗಾಡಿ ಶುರು ಮಾಡಿದರು. ಕೇಳಿದ್ದು ಊರು ದಾಟಿದ ಮೇಲೆ, ನಾನು ನಡೆದದ್ದನ್ನು ಹೇಳಿದಾಗ.

"ನೀ ಏನಂತ ಬರದಿದ್ದಿ?"

"ಡರ್ತ್."

"ಅವರೂ ಅದನ್ನ ಅಲ್ಲೇನು ಓದಿದ್ದು? ಡೆತ್."

"ಡೆತ್ ಅಲ್ಲ. ಡರ್ತ್. ನಡುವ ಆರ್ ಐತಿ!"

"ನನ್ನ ಮ್ಯಾಲ ಯಾಕ ಒದರ್ತಿ? ನಾ ಬಾಳಿಹಣ್ಣ ಮಾರಾಂವ," ಎಂದು ಅವರು ಗೇರು ಬದಲಿಸಿದರು.

ಕಬ್ಬಿನ ಹಂಗಾಮು. ನಮ್ಮ ಕಡೆಯ ರಸ್ತೆಗಳಲ್ಲಿ ಡಿಸೆಂಬರಿನಲ್ಲಿ ಅವಸರಕ್ಕೆ ಜಾಗವಿಲ್ಲ. ಮುಂದೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು, ಅದರ ಮುಂದೆ ಅಂಥದ್ದೇ ಇನ್ನೊಂದು, ಎಲ್ಲದರಲ್ಲೂ ಕಿವಿಗಡಚಿಕ್ಕುವ ಹಾಡು. ಘಟಪ್ರಭೆಯ ಹತ್ತಿರ ಒಂದು ಟ್ರೇಲರು ರಸ್ತೆಗೆ ಅಡ್ಡ ವಾಲಿ, ಕಬ್ಬು ಚೆಲ್ಲಿ, ಎರಡೂ ಕಡೆ ವಾಹನಗಳು ನಿಂತುಬಿಟ್ಟವು. ನಾನು ಕೆಳಗಿಳಿದು ಜೀಪು ಕಾಣುತ್ತದೇನೋ ಎಂದು ಮುಂದಕ್ಕೆ ಓಡಿ ಹೋಗಿ, ಕಾಣದೆ ತಿರುಗಿ ಬಂದರೆ ನಮ್ಮ ಟ್ರಕ್ಕಿನ ಸುತ್ತ ಆರೇಳು ಜನ. ನಿಂತ ಬಸ್ಸಿನಿಂದ ಇಳಿದವರು ಬಾಳೆಹಣ್ಣು ಕೇಳಿದ್ದರು. ದಸ್ತಗೀರ ಗೊನೆಯಿಂದ ಡಜನ್ನು ಕೊಯ್ದು ಕೊಡುತ್ತಿದ್ದರು.

"ಅಲ್ಲಿ ಒಂದ್ ಜೀವ ಹೋಗೋ ಹೊತ್ತಿದು!" ಎಂದು ನಾನು ಅತ್ತೇ ಬಿಟ್ಟೆ. ಬಸ್ಸಿನ ಹೆಂಗಸೊಬ್ಬಳು ಗಾಬರಿಯಿಂದ ತನ್ನ ಕೈಯ ಹಣ್ಣನ್ನು ತಿರುಗಿ ಗಾಡಿಯಲ್ಲಿಟ್ಟಳು.

ಅಳುತ್ತಲೇ ಸೋನವ್ವನವರ ಫೋನಿಗೆ ಹಚ್ಚುತ್ತಿದ್ದೆ. ಅಷ್ಟರಲ್ಲಿ ಒಂದು ಕೆಟ್ಟ ವಿಚಾರ ತಲೆಗೆ ಬಂತು. ಅವರು ಫೋನ್ ಎತ್ತದಿರುವುದು ಗಿರಣಿ ನಡೆಯುತ್ತಿರುವುದರಿಂದಲೋ, ಅಥವಾ ಆಗಲೇ ಯಾರೋ ಹೇಳಿಬಿಟ್ಟಿರುವುದರಿಂದಲೋ? ಆಮೇಲೆ ನಾನು ಫೋನ್ ಮುಟ್ಟಲಿಲ್ಲ. ಸದ್ದು ನಿಂತು ಬೇರೆ ಯಾರಾದರೂ ಎತ್ತಿದರೆ ಏನು ಕೇಳಬೇಕೆಂದು ನನಗೆ ತಿಳಿಯಲಿಲ್ಲ. ಕಬ್ಬು ಸರಿಸಿ ದಾರಿ ಬಿಟ್ಟ ಮೇಲೆ ಹುಕ್ಕೇರಿ ದಾಟಿದ್ದೂ ಸರಿಯಾಗಿ ನೆನಪಿಲ್ಲ. ಯಮಕನಮರಡಿಯ ಓಣಿಗೆ ತಿರುಗಿದಾಗ ಗಿರಣಿಯ ಮುಂದೆ ಜೀಪು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ.

ಓಡಿ ಹೋಗಿ ಬಾಗಿಲಲ್ಲಿ ನಿಂತೆ. ಗಿರಣಿ ಭರ್ರೆಂದು ನಡೆಯುತ್ತಿತ್ತು. ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲ ಹಿಟ್ಟಾಗಿದ್ದ ಸೋನವ್ವ ಯಾರದೋ ಜೋಳ ಸುರಿಯುತ್ತಿದ್ದರು. ಗೋಡೆಗುಂಟ ಎಂಟು ಜನ ಸಾಲಾಗಿ ತಲೆ ತಗ್ಗಿಸಿ ನಿಂತಿದ್ದರು. ಅವರಿಗಿಂತ ಮುಂದೆ, ತಮ್ಮ ಹಿಟ್ಟಿಗಾಗಿ ಬುಟ್ಟಿ ಹಿಡಿದು ನಿಂತ ಇಬ್ಬರು ಹೆಣ್ಣುಮಕ್ಕಳು. ಹಾರವನ್ನು ಯಾರೋ ಹಿಂದೆ ಮುಚ್ಚಿಟ್ಟಿದ್ದರು. ಆಮೇಲೆ ತಿಳಿದದ್ದಿಷ್ಟು: ಇವರು ಬಂದು ಕೈ ಮುಗಿದು ಬಾಯಿ ತೆರೆದಿದ್ದಾರೆ, ಸದ್ದಿನಲ್ಲಿ ಏನೂ ಕೇಳಿಲ್ಲ, ಬೀಸಿಸಲು ಬಂದವರೆಂದು ತಿಳಿದು ಸೋನವ್ವ ಸನ್ನೆ ಮಾಡಿ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಅಂಥ ಸುದ್ದಿ ತಂದವರು ಸಾಲು ತಪ್ಪಿಸಲು ಧೈರ್ಯ ಮಾಡಿರಲಿಲ್ಲ. ಇಪ್ಪತ್ತು ನಿಮಿಷದಿಂದ ನಿಂತಿದ್ದರು.

ನಾನು ಹಣಮಂತಪ್ಪನವರ ಕಡೆ ಕೈ ಬೀಸುವಷ್ಟರಲ್ಲಿ ಸೋನವ್ವ ಗುಂಡಿ ಒತ್ತಿ ಗಿರಣಿ ನಿಲ್ಲಿಸಿದರು. ಒಮ್ಮೆಲೇ ನಿಶ್ಶಬ್ದ. "ಹೂಂ, ಮುಂದಿನವ್ರ ಯಾರು? ಜ್ವಾಳ ಎಲ್ಲೈತಿ ನಿಮ್ದು?" ಎಂದರು. ಹಣಮಂತಪ್ಪ, "ಅವ್ವಾರ..." ಎಂದು ಶುರು ಮಾಡಿದ ಕೂಡಲೇ ನಾನು ಬಾಗಿಲಿನಿಂದ ಇಡೀ ಓಣಿಗೆ ಕೇಳುವಂತೆ ಕೂಗಿದೆ: "ಅವ್ವಾ, ಸರ್ ಜೀವಂತ ಅದಾರ!"

ಇಪ್ಪತ್ತು ನಿಮಿಷ ಎಂಟು ಗಂಡಸರು ಮಾಡದ ಕೆಲಸವನ್ನು ನಾನು ಒಂದೇ ವಾಕ್ಯದಲ್ಲಿ ಮಾಡಿದ್ದೆ. ಸೋನವ್ವನವರ ಕೈಯಿಂದ ಮೊರ ಬಿತ್ತು. ನನ್ನನ್ನು ನೋಡಿದರು, ಸಾಲನ್ನು ನೋಡಿದರು, ಹಿಂದೆ ಇಣುಕುತ್ತಿದ್ದ ಹಾರವನ್ನು ನೋಡಿದರು.

"ಯಾಕ? ಏನಾಗಿತ್ತ ಅಂವಗ?"

ಅಷ್ಟು ಹೇಳಿ ಚೀಲದ ಮೇಲೆ ಕುಸಿದು ಕುಳಿತರು. ಹಿಟ್ಟಿನ ಮುಖದಲ್ಲಿ ಬಣ್ಣ ಇಳಿದದ್ದು ಕಾಣುವಂತಿರಲಿಲ್ಲ, ತುಟಿ ಮಾತ್ರ ನೀಲಿಯಾಗುತ್ತಿತ್ತು. ದಸ್ತಗೀರ ಓಡಿ ಬಂದು ನೀರು ಕೊಟ್ಟರು. ಗೂಡಿನಲ್ಲಿದ್ದ ಗುಳಿಗೆಯನ್ನು ಸೋನವ್ವನವರೇ ಬೊಟ್ಟು ಮಾಡಿ ತೋರಿಸಿ ನಾಲಿಗೆಯ ಕೆಳಗೆ ಇಟ್ಟುಕೊಂಡರು. ನಾನು ಅವರ ಕೈ ಹಿಡಿದುಕೊಂಡು ಕುಳಿತೆ.

ಸ್ವಲ್ಪ ಹೊತ್ತಿನ ಮೇಲೆ ತಮ್ಮ ಫೋನು ನನಗೆ ಕೊಟ್ಟು, "ಫೋನ್ ಹಚ್ಚು ಅಂವಗ," ಎಂದರು. ಹಚ್ಚಿದೆ. ಹತ್ತಲಿಲ್ಲ. "ಜೀವಂತ ಇದ್ರ ಯಾಕ ಹತ್ತಂಗಿಲ್ಲ?" ಎಂದರು. "ಗದ್ದಲದಾಗ ಸಿಗ್ನಲ್ ಇರಂಗಿಲ್ರಿ ಅವ್ವಾ," ಎಂದೆ. "ಯಾರ್ ಹೇಳಿದ್ರ ನಿಮಗ ಅಂವ ಸತ್ತಾನಂತ?" ಎಂದು ಸಾಲಿನ ಕಡೆ ತಿರುಗಿದರು. ಎಂಟೂ ಜನ ನನ್ನ ಕಡೆ ನೋಡಿದರು.

ಹಾಗಾಗಿ ಆ ಗಿರಣಿಯಲ್ಲಿ ಜೋಳದ ಚೀಲದ ಮೇಲೆ ಕುಳಿತು, ಓದು ಬಾರದ ಮುದುಕಿಯೊಬ್ಬರಿಗೆ ನಾನು ನನ್ನ ಜೀವನದ ಅತಿ ಕಷ್ಟದ ಇಂಗ್ಲಿಷ್ ಪಾಠ ಮಾಡಿದೆ. ಸರ್ ಇಲ್ಲದ್ದಕ್ಕೆ ಕ್ಲಾಸು ಇಲ್ಲವೆಂದು ಹೇಳಲು ಒಂದು ಪದ ಬರೆದೆ, ಆ ಪದ ಸಾವಿನ ಪದದಂತೆಯೇ ಕಾಣುತ್ತದೆ, ಒಂದೇ ಅಕ್ಷರ ಹೆಚ್ಚು ಎಂದೆ.

"ಅದರ ಅರ್ಥ ಏನ್ ಮತ್ತ?"

"ಕೊರತಿ ಅಂತ್ರಿ ಅವ್ವಾ. ಡಿಯರ್ ಅನ್ನೋ ಪದದಿಂದ ಹುಟ್ಟೈತಿ. ಡಿಯರ್ ಅಂದ್ರ ತುಟ್ಟಿ. ಹಿಂದ ಆ ದೇಶದಾಗ ಕಾಳುಕಡಿ ಕಡಿಮಿ ಆದ್ರ ತುಟ್ಟಿ ಆಗ್ತಿದ್ವು. ಅದಕ್ಕ ತುಟ್ಟಿ ಅನ್ನೋದ ಹೋಗಿ ಕೊರತಿ ಅಂತ ಆತು. ಡಿಯರ್ ಅಂದ್ರ ಪ್ರೀತಿದವ್ರು ಅಂತಾನೂ ಐತ್ರಿ."

ಸೋನವ್ವ ಕೆಳಗೆ ಬಿದ್ದಿದ್ದ ನಾಲ್ಕು ಕಾಳು ಆರಿಸಿ ಅಂಗೈಯಲ್ಲಿಟ್ಟುಕೊಂಡರು. ಕಾಳಿನ ದರ ನೋಡುತ್ತಲೇ ಆಯುಷ್ಯ ಕಳೆದವರು, ಮಾತು ಅವರಿಗೆ ನಮ್ಮ ನಿಘಂಟಿಗಿಂತ ಬೇಗ ಮುಟ್ಟಿತೆಂದು ಕಾಣುತ್ತದೆ. "ನಮ್ಮಲ್ಲೂ ಹಂಗ ಅಂತೀವಲ್ಲ," ಎಂದರು ಮೆಲ್ಲಗೆ. "ಮಂದಿ ಮನೀಗಿ ಬರದಂಗ ಆದ್ರ, ಬಾಳ ತುಟ್ಟಿ ಆಗೀರಿ ಬಿಡ್ರಿ ಅಂತ. ಇಂವನೂ ಹಂಗ ಆಗ್ಯಾನ. ದೀಪಾವಳಿಗಿ ಬಂದಾಂವ ಮತ್ತ ಬಂದಿಲ್ಲ. ಪರೀಕ್ಷಾ, ಪರೀಕ್ಷಾ ಅಂತಾನ."

ಸಾಲಿನಲ್ಲಿದ್ದ ಒಬ್ಬರು ಕೆಮ್ಮಿದರು. ಅವರ ಮಕ್ಕಳ ಪರೀಕ್ಷೆಯೇ ಅದು.

ಸೋನವ್ವನವರ ಫೋನಿನಿಂದ ಸರ್ ಅವರಿಗೆ ಮತ್ತೆ ಮತ್ತೆ ಹಚ್ಚುತ್ತ ಒಂದೂವರೆ ತಾಸು ಹಾಗೇ ಕುಳಿತೆವು. ಬೀಸಿಸಲು ಬಂದವರು ಬುಟ್ಟಿ ಇಟ್ಟು ನಮ್ಮೊಡನೆಯೇ ಕುಳಿತರು. ಯಾರೂ ಎದ್ದು ಹೋಗಲಿಲ್ಲ. ದಸ್ತಗೀರ ಎಲ್ಲರಿಗೂ ಬಾಳೆಹಣ್ಣು ಹಂಚಿದರು. ಯಾರೂ ಸುಲಿಯಲಿಲ್ಲ, ಎಲ್ಲರೂ ಪ್ರಸಾದದಂತೆ ಕೈಯಲ್ಲಿ ಹಿಡಿದುಕೊಂಡರು. ಸರ್ ಸುರಕ್ಷಿತವಾಗಿದ್ದಾರೆಂದು ಬೆಳಿಗ್ಗೆಯಿಂದ ಎಲ್ಲರಿಗೂ ಸಾರುತ್ತ ಬಂದವಳು ನಾನು. ಆದರೆ ಸಮಯ ಹೋದಂತೆ ನನಗೇ ಸಂಶಯ ಬರತೊಡಗಿತು. ಅಷ್ಟು ಜನಸಂದಣಿ, ಏನಾದರೂ ಆಗಿದ್ದರೆ? ನನ್ನ ಪದವೇ ಅಪಶಕುನ ನುಡಿದಂತಾಗಿದ್ದರೆ?

ಕೊನೆಗೆ ಗಂಟೆ ಹೊಡೆದದ್ದು ಸೋನವ್ವನವರ ಫೋನು. ಅವರು ಎತ್ತಲಿಲ್ಲ, ನನಗೆ ಚಾಚಿದರು. ನಾನು ಸ್ಪೀಕರ್ ಹಾಕಿದೆ.

"ಅವ್ವಾ, ಇಷ್ಟ ಯಾಕ ಫೋನ್ ಮಾಡೀದಿ? ವಡಾಪಾವ್ ತಿನ್ನಾಕ ಕುಂತೇನಿ ನೋಡು, ಈಗ ಸಿಗ್ನಲ್ ಬಂತು."

"ತಿನ್ನು," ಎಂದರು ಸೋನವ್ವ. "ಪೂರಾ ತಿಂದು ಮಾತಾಡು. ನಾ ಕೇಳ್ತೇನಿ." ಆತ ಏನೇನೋ ಹೇಳಿದರು, ಇವರು ಹೂಂಗುಟ್ಟಿದರು. ಫೋನ್ ಇಟ್ಟ ಮೇಲೆಯೇ ಸೆರಗನ್ನು ಮುಖಕ್ಕೆ ಹಿಡಿದದ್ದು. ಸೆರಗು ತೆಗೆದಾಗ ಹಿಟ್ಟಿನ ಮೇಲೆ ಎರಡು ಕಾಲುವೆಗಳಿದ್ದವು. ಆಮೇಲೆ ಹಣಮಂತಪ್ಪನವರನ್ನು ಕರೆದು, "ಹಾರ ತಾ ಇಲ್ಲಿ. ಚಲೋ ಹೂವ ಅದಾವ, ಯಾಕ ಕೆಡಸ್ತಿ?" ಎಂದು ಅದನ್ನು ಇಸಿದುಕೊಂಡು ಗೋಡೆಯ ಮೇಲಿದ್ದ ಬುದ್ಧನ ಪಟಕ್ಕೆ ಹಾಕಿಸಿದರು. ಎಲ್ಲರಿಗೂ ಚಹಾ ಆಯಿತು. ಹಣಮಂತಪ್ಪ ಜೀಪು ಹತ್ತುವ ಮುನ್ನ ನನ್ನ ಬಳಿ ಬಂದು, "ಟೀಚರ್, ನನ್ನ ಮಗಳಿಗಿ ಆ ಪದಾ ಕಲಸಬ್ಯಾಡ್ರಿ," ಎಂದು ಕೈ ಮುಗಿದರು.

ಸಂಜೆ ಮನೆಗೆ ಬಂದು, ಕನಿಷ್ಠ ನನ್ನ ಇಂಗ್ಲಿಷಾದರೂ ಸರಿಯಿತ್ತೆಂದು ಸಮಾಧಾನ ಪಡೆಯಲು ನಿಘಂಟು ತೆರೆದೆ. ಬಳಕೆಯ ವಿವರ ಓದಿದೆ. ಒಟ್ಟಾರೆ ಶಿಕ್ಷಕರೇ ಸಿಗದಂಥ ಕಾಲಕ್ಕೆ ಡರ್ತ್ ಎನ್ನಬಹುದು. ಇರುವ ಒಬ್ಬ ಮನುಷ್ಯ ನಾಲ್ಕು ದಿನ ರಜೆಯ ಮೇಲಿದ್ದರೆ ಹಾಗೆ ಹೇಳಲಾಗದು, ಅದಕ್ಕೆ ಆಬ್ಸೆನ್ಸ್ ಸಾಕು. ಅಂದರೆ ಇಡೀ ದಿನ ನಾನು ಜಗಳವಾಡಿದ ಆ 'ಆರ್' ಸರಿಯಿತ್ತು, ಪದವೇ ತಪ್ಪಿತ್ತು. ಇದನ್ನು ನಾನು ಇಲ್ಲಿಯವರೆಗೆ ದಸ್ತಗೀರ ಅವರಿಗೂ ಹೇಳಿಲ್ಲ.

ಸೋಮವಾರ ಕಾಂಬಳೆ ಸರ್ ಬಂದರು. ನಾನು ಬೆಳಿಗ್ಗೆಯಿಂದ ಕ್ಷಮೆಯ ಮಾತುಗಳನ್ನು ಜೋಡಿಸುತ್ತ ಕುಳಿತಿದ್ದೆ. ಅವರು ಪಕ್ಕದ ಕುರ್ಚಿಯಲ್ಲಿ ಕುಳಿತು, ಫೋನ್ ತೆಗೆದು, ಶನಿವಾರದ ಸಂದೇಶಗಳನ್ನು ಒಂದೊಂದಾಗಿ ಓದತೊಡಗಿದರು. ಮುಖದಲ್ಲಿ ಸಿಟ್ಟು ಇದೆಯೋ ನಗು ಇದೆಯೋ ತಿಳಿಯಲಿಲ್ಲ. ಎಲ್ಲ ಓದಿ ಮುಗಿಸಿ ತಲೆ ಎತ್ತಿದರು.

"ಎಷ್ಟ್ ಮಂದಿ ಎಷ್ಟ್ ಚಲೋ ಬರದಾರ್ರಿ ನನ್ನ ಬಗ್ಗೆ. ಒಬ್ಬಾಂವ, ಸರ್ ಬಾಗಲಾ ಬಡೀದಿದ್ರ ನನ್ನ ಮಗಾ ಪಾಸ್ ಆಗ್ತಿದ್ದಿಲ್ಲ ಅಂದಾನ. ನಾ ಮೂರ್ ಸಲ ಓದಿದೆ." ಫೋನನ್ನು ಮೇಜಿನ ಮೇಲಿಟ್ಟು, "ಹದಿನಾಕ್ ವರ್ಷ ಬಾಜೂ ಕುರ್ಚಿ ನಿಮ್ದು. ನೀವು ಒಂದ್ ಸಾಲೂ ಬರದಿಲ್ಲಲ್ರಿ ಟೀಚರ್?" ಎಂದರು.

ನೀವು ಬದುಕಿದ್ದಿರಿ, ಹಾಗಾಗಿ ಬರೆಯಲಿಲ್ಲ ಎನ್ನಬಹುದಿತ್ತು. ಬದುಕಿರುವವರಿಗೆ ಬರೆಯಬಾರದೆಂದು ಯಾವ ವ್ಯಾಕರಣದಲ್ಲಿದೆ ಎಂದು ಅವರು ಕೇಳಿದ್ದರೆ? ನಾನು ಬಾಯಿ ತೆರೆದೆ. ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಕೊನೆಗೆ, "ಚಹಾ ತರಸ್ಲೇನ್ರಿ ಸರ್?" ಎಂದೆ.

"ತರಸ್ರಿ," ಎಂದು ಅವರು ಸೀಮೆಸುಣ್ಣ ಹುಡುಕತೊಡಗಿದರು.